ಷಡ್ಜ ಮುಟ್ಟದ ಆಲಾಪ

ಗುಜರಾತಿನ ಬೋಡಕ್‌ದೇವ್‌ನ ನಮ್ಮ ಹೋಟೆಲಿನ ಮಹಡಿಯಲ್ಲಿ ಸಂಗೀತ ಕಲಿಸುತ್ತಿದ್ದ ಮೇಷ್ಟ್ರು ಧಾರವಾಡದ ಕಡೆಯವರು. ಮಕ್ಕಳು ಆತುರಪಟ್ಟರೆ ಅಂಗೈ ಎತ್ತಿ, ಗುಜರಾತಿ ಮಕ್ಕಳಿಗೂ ಕನ್ನಡದಲ್ಲೇ, "ಅವಸರ ಬ್ಯಾಡ, ಷಡ್ಜ ಎಲ್ಲೂ ಓಡಿ ಹೋಗೂದಿಲ್ಲ" ಎನ್ನುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟು ಕಾವಲಿ ಮುಂದೆ ನಿಂತವನು ನಾನು; ರಾಗದ ಹೆಸರು ತಿಳಿಯದು. ಆದರೂ ಅವರ ಆಲಾಪ ಸುತ್ತಿ ಸುತ್ತಿ ಷಡ್ಜಕ್ಕೆ ಬಂದು ನಿಂತರೆ ದೋಸೆ ಮಗುಚುವ ನನ್ನ ಕೈಯೂ ನಿಲ್ಲುತ್ತಿತ್ತು.

ಒಂದು ನವರಾತ್ರಿಗೆ ಅವರ ಹಳೆಯ ಶಿಷ್ಯ ಆ ಆಲಾಪದ ರೆಕಾರ್ಡಿಂಗನ್ನು ಗರಬಾ ಕುಣಿತದ ಹಾಡಿಗೆ ಸೇರಿಸಿದ. ಕೇಳಲು ಮೇಷ್ಟ್ರೂ ನಾನೂ ಮೈದಾನಕ್ಕೆ ಹೋದೆವು. ಸ್ಪೀಕರಿನಲ್ಲಿ ಮೇಷ್ಟ್ರ ದನಿಯ ಒಂದೇ ತುಣುಕು ಡ್ರಮ್ಮಿನ ಮೇಲೆ ಮತ್ತೆ ಮತ್ತೆ ತಿರುಗಿತು. ಷಡ್ಜ ಮುಟ್ಟುವ ಮೊದಲೇ ಕತ್ತರಿಸಿದ್ದ.

"ಇದು ಪೋಸ್ಟ್‌ಮಾಡರ್ನ್, ಗುರೂಜಿ. ಯಾವುದೂ ಮುಗಿಯಬೇಕಾಗಿಲ್ಲ," ಎಂದು ಹಿಂದಿಯಲ್ಲಿ ಹೇಳಿ ಶಿಷ್ಯ ಕಾಲಿಗೆರಗಿದ.

"ಎಂತ ಮೇಷ್ಟ್ರೇ ಇದು?" ಎಂದೆ.

"ದನಿ ನಂದ ಅದರಿ," ಎಂದರಷ್ಟೆ.

ಮರುದಿನ ನಾನು ಮಹಡಿಗೆ ಕಾಫಿ ಒಯ್ದಾಗ ಹುಡುಗಿಯೊಬ್ಬಳು ಆ ತುಣುಕನ್ನು ಗರಬಾದಲ್ಲಿದ್ದಂತೆಯೇ ಹಾಡಿದಳು. ಮಕ್ಕಳು ನಕ್ಕರು. ಸರಿಯಾಗಿ ಹಾಡಿ ತೋರಿಸಲು ಮೇಷ್ಟ್ರು ಕಣ್ಣು ಮುಚ್ಚಿದರು. ಅವರ ಗಂಟಲೂ ಷಡ್ಜ ಮುಟ್ಟದೆ, ಶಿಷ್ಯ ಕತ್ತರಿಸಿದ್ದಲ್ಲಿಂದಲೇ ಹಿಂದಕ್ಕೆ ತಿರುಗಿತು. ಮತ್ತೆ ಹಾಡಿದರು, ಮತ್ತೆ ಅಲ್ಲಿಗೇ ಬಂದರು.

"ಸಾಕು, ಮನಿಗೆ ಹೋಗ್ರಿ," ಎಂದರು. ಆ ಮಹಡಿಯಲ್ಲಿ ಆಮೇಲೆ ಪಾಠ ನಡೆಯಲಿಲ್ಲ.