ಹಳೇ ಹುಡುಗಿಯ ಚಿತ್ರಗಳು

ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ. ಅಜ್ಜಿ ಗುಬ್ಬಿ ಎಂದು ಕರೆದರು, ಅದೇ ಅಂಟಿಕೊಂಡಿತು. ಹತ್ತೊಂಬತ್ತನೆಯ ವಯಸ್ಸಿಗೆ ಚಾರ್ಟ್ ಮೇಷ್ಟ್ರ ಹತ್ತಿರ ಕೆಲಸಕ್ಕೆ ಸೇರಿದಾಗ ಅವರು ಎರಡು ದಿನ ಪೂರ್ತಿ ಹೆಸರು ಹಿಡಿದು ಕೂಗಿದರು. ಮೂರನೆಯ ದಿನ ಅವಳ ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು "ಗುಬ್ಬೀ, ಕನ್ನಡಕ ಮನೇಲೇ ಬಿಟ್ಟು ಬಂದಿದೀಯಲ್ಲೇ" ಎಂದು ಕೂಗಿದ್ದೇ ತಡ, ಮೇಷ್ಟ್ರ ಬಾಯಲ್ಲೂ ಗುಬ್ಬಿಯೇ ಆದಳು.

ಮೇಷ್ಟ್ರ ಕೆಲಸದ ಜಾಗವೆಂದರೆ ಒಂದು ಪ್ರೆಸ್ಸಿನ ಮೇಲಿನ ಉದ್ದನೆಯ ಕೋಣೆ. ಶಾಲೆಯ ಗೋಡೆಗಳಿಗೆ ನೇತುಹಾಕುವ ಚಾರ್ಟುಗಳ ಮೂಲ ಚಿತ್ರಗಳು ಅಲ್ಲಿ ತಯಾರಾಗುತ್ತಿದ್ದವು: ಹೂವಿನ ಭಾಗಗಳು, ನೀರಿನ ಹಕ್ಕಿಗಳು, ಪಂಚೇಂದ್ರಿಯಗಳು. ಕೆಳಗೆ ಯಂತ್ರ ಓಡಿದಾಗ ನೆಲ ಸಣ್ಣಗೆ ನಡುಗುತ್ತಿತ್ತು. ತೆಳು ಗೆರೆ ಎಳೆಯುತ್ತಿದ್ದವರು ಕುಂಚವನ್ನು ಎತ್ತಿ ಹಿಡಿದು, ನಡುಕ ನಿಲ್ಲುವವರೆಗೆ ಕಾಯಬೇಕು. ಕಿಟಕಿಯ ಬಳಿ ಎರಡು ಮೇಜು. ಒಂದು ಗುಬ್ಬಿಯದು. ಇನ್ನೊಂದರಲ್ಲಿ ಅವಳಿಗಿಂತ ಮೂರು ವರ್ಷ ದೊಡ್ಡವಳಾದ ಒಬ್ಬಳು ಕೂತು ನದಿ, ಬೆಟ್ಟ, ಕರಾವಳಿಗಳ ನಕ್ಷೆ ಬರೆಯುತ್ತಿದ್ದಳು. ಅವಳು ಬಂದು ಆಗಲೇ ಒಂದು ವರ್ಷವಾಗಿತ್ತು. ಗುಬ್ಬಿಗೆ ಅವಳು ಮೊದಲ ವಾರದಲ್ಲೇ ನಕ್ಷೆಯಕ್ಕ ಆದಳು.

ಗುಬ್ಬಿ ಅಲ್ಲಿ ಬರೆದ ಮೊದಲ ಚಿತ್ರ ಒಂದು ಕೋಳಿಗರಿ. ಮೂರು ದಿನ ಕೂತು ಬರೆದಳು. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು, ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ತಗಡಿನ ಬೀರು ತೆಗೆದು, ಬೂದುಬಣ್ಣದ ಒಂದು ಫೈಲು ಬಿಚ್ಚಿ, ಅದರಿಂದ ಇನ್ನೊಂದು ಗರಿಯ ಚಿತ್ರ ತೆಗೆದು ಪಕ್ಕದಲ್ಲಿಟ್ಟರು.

"ಇದು ನಿನಗಿಂತ ಮುಂಚೆ ಇಲ್ಲಿದ್ದ ಹುಡುಗೀದು. ಬಂದ ಮೊದಲನೇ ತಿಂಗಳು ಬರೆದದ್ದು. ನಿನ್ನ ವಯಸ್ಸೇ."

ಮೂಲೆಯಲ್ಲಿ ಪೆನ್ಸಿಲಿನಿಂದ ಹತ್ತೊಂಬತ್ತು ಎಂದು ಬರೆದಿತ್ತು. ಉಸಿರು ಬಿಟ್ಟರೆ ಹಾರಿಹೋದೀತು ಎನ್ನುವ ಹಾಗಿತ್ತು ಆ ಗರಿ. ಗುಬ್ಬಿಯ ಮುಖ ಸಪ್ಪಗಾಯಿತು.

"ಅವರೀಗ ಎಲ್ಲಿದಾರೆ ಸಾರ್?"

"ಎಲ್ಲಿರ್ತಾಳೆ? ಬೆಳೆದ್ಲು, ಹೋದ್ಲು. ನೀನು ನಿನ್ನ ಕೆಲಸ ನೋಡು."

ಅಂದು ಸಂಜೆ ಗುಬ್ಬಿ ತನ್ನ ಗರಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದಳು.

ಆಮೇಲೆ ಇದೇ ರೂಢಿಯಾಯಿತು. ಅವಳು ಎಲೆ ಬರೆದರೆ ಫೈಲಿನಿಂದ ಒಂದು ಎಲೆ, ಜೇನುಹುಳು ಬರೆದರೆ ಒಂದು ಜೇನುಹುಳು ಹೊರಬರುತ್ತಿತ್ತು. ಮೇಷ್ಟ್ರು ಬೈಯುತ್ತಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು, ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಬೈದಿದ್ದರೆ ಅತ್ತಾದರೂ ಹಗುರವಾಗುತ್ತಿದ್ದಳು. ಇದು ಹಾಗಲ್ಲ, ಒಳಗೊಳಗೇ ಕೊರೆಯುತ್ತಿತ್ತು. ಆ ಹುಡುಗಿಯ ಬೆರಳು ಉದ್ದವಿದ್ದಿರಬೇಕು, ಅಂಗೈ ಬೆವರುತ್ತಿರಲಿಲ್ಲವೇನೋ, ಅವಳ ಮೇಜಿನ ಮೇಲೆ ರಬ್ಬರೇ ಇರಲಿಲ್ಲವೇನೋ ಎಂದೆಲ್ಲ ಗುಬ್ಬಿ ಕಲ್ಪಿಸಿಕೊಳ್ಳುವಳು. ಊಟಕ್ಕೆ ಕೂತರೆ ಅದೇ ಮಾತು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅಮ್ಮ ಒಂದು ದಿನ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಯೇಬಿಟ್ಟಳು: "ಯಾರೇ ಅವಳು? ದಿನಾ ನಮ್ಮನೇಗೆ ಊಟಕ್ಕೆ ಬರ್ತಾಳಲ್ಲ! ನಾಳೆಯಿಂದ ಅವಳಿಗೂ ಒಂದು ತಟ್ಟೆ ಹಾಕ್ತೀನಿ ಬಿಡು." ಅಪ್ಪ ನಕ್ಕರು. ಗುಬ್ಬಿಗೆ ನಗು ಬರಲಿಲ್ಲ.

ಸಮಾಧಾನ ಸಿಗುತ್ತಿದ್ದದ್ದು ನಕ್ಷೆಯಕ್ಕನ ಹತ್ತಿರ ಮಾತ್ರ. ಅವಳು ತನ್ನ ಚಹಾದಲ್ಲಿ ಅರ್ಧ ಬಗ್ಗಿಸಿ ಕೊಟ್ಟು, ಬೆನ್ನು ತಟ್ಟಿ, "ಬಿಡು ಗುಬ್ಬಿ, ಅಂಥೋರು ಹುಟ್ಟುವಾಗಲೇ ಪಡ್ಕೊಂಡು ಬಂದಿರ್ತಾರೆ. ನಾವು ನಮ್ಮ ಪಾಡಿಗೆ ಕೆಲಸ ಮಾಡ್ಕೊಂಡು ಇರೋಣ" ಎನ್ನುತ್ತಿದ್ದಳು. ನಾವು ಎಂಬ ಆ ಮಾತು ಗುಬ್ಬಿಗೆ ಎಷ್ಟು ಹಿತವಾಗಿತ್ತೆಂದರೆ, ಒಡಹುಟ್ಟಿದ ಅಕ್ಕ ಇಲ್ಲದ ಕೊರತೆಯೇ ಮರೆತುಹೋಗಿತ್ತು.

ಎರಡನೆಯ ವರ್ಷ ಮಕ್ಕಳ ಪುಸ್ತಕ ಪ್ರಕಟಿಸುವ ಒಬ್ಬ ಹೆಂಗಸು ಕೆಳಗೆ ಪ್ರೆಸ್ಸಿಗೆ ಬಂದವರು ಹಾಗೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಗುಬ್ಬಿಯ ಮೇಜಿನ ಮೇಲೆ ಆಗತಾನೆ ಬಣ್ಣ ಒಣಗುತ್ತಿದ್ದ ಒಂದು ಕೊಕ್ಕರೆ ಇತ್ತು. ಅವರು ಬಗ್ಗಿ ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

"ಇದು ನಿಮ್ಮದಾ? ನನಗೊಂದು ಪುಸ್ತಕಕ್ಕೆ ಪೂರಾ ಹಕ್ಕಿಗಳು ಬೇಕು. ಬರ್ಕೊಡ್ತೀರಾ?"

ಗುಬ್ಬಿಯ ಕಿವಿ ಬಿಸಿಯಾಯಿತು. ಕಣ್ಣು ತಾನಾಗಿಯೇ ತಗಡಿನ ಬೀರುವಿನ ಕಡೆ ಹೋಯಿತು. ಆ ಹುಡುಗಿ ಇದೇ ವಯಸ್ಸಿಗೆ ಬರೆದ ಕೊಕ್ಕರೆ ಅದರೊಳಗಿತ್ತು. ನೀರಿನಲ್ಲಿ ಕಾಲಿಟ್ಟರೆ ಅಲೆ ಏಳುವಂಥ ಕೊಕ್ಕರೆ ಅದು.

"ನಾನಿನ್ನೂ ಕಲೀತಿದೀನಿ ಮೇಡಂ. ನನ್ನ ಕೈಲಾಗಲ್ಲ."

ಆ ಹೆಂಗಸು ಪಕ್ಕದ ಮೇಜಿನ ಕಡೆ ನೋಡಿದರು. ನಕ್ಷೆಯಕ್ಕ ಪೆನ್ನು ಕೆಳಗಿಟ್ಟು, "ನಾನು ಮಾಡ್ತೀನಿ ಮೇಡಂ" ಎಂದಳು.

ಅಲ್ಲಿಯವರೆಗೆ ನಕ್ಷೆಯಕ್ಕ ಒಂದು ಹಕ್ಕಿಯನ್ನೂ ಬರೆದವಳಲ್ಲ. ಮುಂದಿನ ಆರು ತಿಂಗಳು ಗುಬ್ಬಿಯೇ ಅವಳ ಪಕ್ಕ ಕೂತು, ರೆಕ್ಕೆ ಎಲ್ಲಿ ಮಡಚುತ್ತದೆ, ಕೊಕ್ಕಿನ ಬುಡದಲ್ಲಿ ನೆರಳು ಎಷ್ಟು ಬರಬೇಕು ಎಂದು ಹೇಳಿಕೊಟ್ಟಳು. ತನ್ನ ಕರಡು ಚಿತ್ರಗಳನ್ನೂ ಕೊಟ್ಟಳು. ಪುಸ್ತಕ ಬಂದಾಗ ಮುಖಪುಟದಲ್ಲಿ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು, ಕೆಳಗೆ ನಕ್ಷೆಯಕ್ಕನ ಹೆಸರು. ಗುಬ್ಬಿ ಅದನ್ನು ಮನೆಗೆ ಒಯ್ದು ಅಮ್ಮನಿಗೆ ತೋರಿಸಿ ಸಂತೋಷಪಟ್ಟಳು. ಅದರಲ್ಲಿ ಸುಳ್ಳಿರಲಿಲ್ಲ.

ಸತ್ಯ ಹೊರಬಿದ್ದದ್ದು ಮೂರನೆಯ ವರ್ಷದ ಒಂದು ಬೆಳಗ್ಗೆ. ಮೇಷ್ಟ್ರಿಗೆ ಜ್ವರ. ಪ್ರೆಸ್ಸಿಗೆ ಕೊಡಬೇಕಾದ ಒಂದು ಚೀಟಿ ಹಿಡಿದು ಅವರ ಹೆಂಡತಿಯೇ ಬಂದಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಗುಬ್ಬಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಗುಬ್ಬಿ ಆಗ ಪಂಚೇಂದ್ರಿಯಗಳ ಚಾರ್ಟಿಗೆ ಒಂದು ಕೈಯನ್ನು ಬರೆಯುತ್ತಿದ್ದಳು. ಮಾದರಿಗೆಂದು ಹಳೇ ಹುಡುಗಿಯ ಕೈಚಿತ್ರ ಎದುರಿಗಿತ್ತು.

"ಅಯ್ಯೋ, ಇದು ನನ್ನ ಕೈ ಕಣೇ!" ಎಂದು ಆಕೆ ನಕ್ಕರು.

"ನಿಮ್ಮ ಕೈಯಾ ಅಮ್ಮಾ?"

ಆಕೆ ತಮ್ಮ ಎಡಗೈಯನ್ನು ಚಿತ್ರದ ಪಕ್ಕ ಹರವಿ ಇಟ್ಟರು. ಹೆಬ್ಬೆರಳ ಕೆಳಗೆ ಅರ್ಧಚಂದ್ರದ ಹಾಗೆ ಒಂದು ಸುಟ್ಟ ಕಲೆ. ಚಿತ್ರದಲ್ಲೂ ಅದೇ ಜಾಗದಲ್ಲಿ ಅದೇ ಕಲೆ. "ಇಸ್ತ್ರಿಪೆಟ್ಟಿಗೆ ತಾಗಿದ್ದು. ಮೂರು ದಿನ ಅಲ್ಲಾಡಬೇಡ ಅಂತ ಕೂರಿಸಿಬಿಟ್ಟಿದ್ರು ಪುಣ್ಯಾತ್ಮ. ನಮ್ಮ ಚಿಕ್ಕ ಮಗಳ ಮದುವೆ ಆದ ವರ್ಷ."

"ಬರೆದದ್ದು ಯಾರು?"

"ಇನ್ಯಾರು, ಇವರೇ. ಆಗಲೇ ಐವತ್ತು ದಾಟಿತ್ತು, ಹಟ ಮಾತ್ರ ಎಳೇ ಮಗೂದು."

ಗುಬ್ಬಿ ಕುಂಚವನ್ನು ಕೆಳಗಿಟ್ಟಳು. "ಇಲ್ಲಿ ನನಗಿಂತ ಮುಂಚೆ ಒಬ್ಬ ಹುಡುಗಿ ಇದ್ದಳಂತಲ್ಲ?" ಎಂದಳು.

"ಯಾವ ಹುಡುಗಿ? ಮೊದಲೆಲ್ಲ ಗಂಡಸರೇ ಇದ್ದದ್ದು. ಹೆಣ್ಣುಮಕ್ಕಳು ಅಂತ ಬಂದೋರು ಇವಳು, ಆಮೇಲೆ ನೀನು."

ಇವಳು ಎಂದು ಆಕೆ ತೋರಿಸಿದ್ದು ನಕ್ಷೆಯಕ್ಕನನ್ನು. ನಕ್ಷೆಯಕ್ಕ ತಲೆ ಎತ್ತಲಿಲ್ಲ. ಇಂಥ ಮಾತು ಕಿವಿಗೆ ಬಿದ್ದರೆ ಯಾರಾದರೂ ಒಮ್ಮೆ ತಿರುಗಿ ನೋಡುತ್ತಾರೆ. ಅವಳು ತನ್ನ ನದಿಗೆ ನೀಲಿ ತುಂಬುತ್ತಲೇ ಇದ್ದಳು.

ಮೇಷ್ಟ್ರ ಹೆಂಡತಿ ಮೆಟ್ಟಿಲಿಳಿದು ಹೋದ ಮೇಲೆ ಗುಬ್ಬಿ ಕೇಳಿದಳು: "ಅಕ್ಕಾ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ನೀನು ಸೇರೋ ಮುಂಚಿನಿಂದ. ಆ ಚಿತ್ರಗಳನ್ನೇ ನನಗೆ ತೋರಿಸುವಾಗ ಮೇಷ್ಟ್ರು ಹಳೇ ಹುಡುಗಂದು ಅಂದಿದ್ರು. ಮೂಲೇಲಿ ಆಗಿನ ನನ್ನ ವಯಸ್ಸು, ಇಪ್ಪತ್ತೊಂದು ಅಂತ ಇತ್ತು. ನೀನು ಬರೋ ಹಿಂದಿನ ದಿನ ಮೇಷ್ಟ್ರು ಅದನ್ನ ಉಜ್ಜಿ ಹತ್ತೊಂಬತ್ತು ಅಂತ ಬರೀತಾ ಕೂತಿದ್ರು. ನೋಡಿಬಿಟ್ಟೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ನಕ್ಷೆಯಕ್ಕ ಕುಂಚವನ್ನು ನೀರಿನಲ್ಲಿ ಅದ್ದಿ ಬಹಳ ಹೊತ್ತು ತಿರುಗಿಸಿದಳು. "ಒಂದು ವರ್ಷ ನಾನೊಬ್ಬಳೇ ಅತ್ತಿದ್ದೆ ಗುಬ್ಬಿ. ನೀನು ಬಂದೆ, ಅಳೋ ಸರದಿ ನಿಂದಾಯ್ತು. ಹೇಳೋಣ ಹೇಳೋಣ ಅನ್ಕೊಂಡೆ. ಆದ್ರೆ ನೀನು ಅಳೋದು ನೋಡಿದಾಗೆಲ್ಲ ನನಗೆ ಒಂಥರಾ ನಿರಾಳ ಆಗ್ತಿತ್ತು. ಸುಳ್ಳು ಯಾಕೆ ಹೇಳ್ಲಿ?"

"ಆ ಪುಸ್ತಕದೋರು ಬಂದ ದಿನ?"

"ನೀನೇ ಬೇಡ ಅಂದೆ."

"ಯಾರಿಗೆ ಹೆದರಿ ಬೇಡ ಅಂದೆ ಅಂತ ನಿಂಗೆ ಗೊತ್ತಿತ್ತಲ್ಲಕ್ಕಾ."

ನಕ್ಷೆಯಕ್ಕ ಮತ್ತೆ ಕುಂಚವನ್ನು ನೀಲಿಗೆ ಅದ್ದಿದಳು. ಮೇಷ್ಟ್ರು ಮಾಡಿದ ಮೋಸ ಕೆನ್ನೆಗೆ ಹೊಡೆದ ಹಾಗಿತ್ತು, ಉರಿದು ತಣ್ಣಗಾಗಬಹುದು. ಆದರೆ ಎರಡು ವರ್ಷ ತನ್ನ ಬೆನ್ನು ತಟ್ಟಿದ ಕೈ? ಅರ್ಧ ಬಗ್ಗಿಸಿ ಕೊಟ್ಟ ಆ ಚಹಾ? ಅದನ್ನು ಎಲ್ಲಿ ಕಕ್ಕುವುದು ಎಂದು ಅವಳಿಗೆ ತಿಳಿಯಲಿಲ್ಲ.

ಮೇಷ್ಟ್ರು ಎರಡು ದಿನ ಬಿಟ್ಟು ಬಂದರು. ಹೆಂಡತಿ ಹೇಳಿರಬೇಕು, ಗುಬ್ಬಿ ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

"ನನ್ನ ಗುರುಗಳೂ ಹೀಗೇ ಮಾಡಿದ್ರಮ್ಮ. ಮುಂದೊಬ್ಬ ಓಡ್ತಿದ್ರೆ ಕಾಲು ಚುರುಕಾಗತ್ತೆ. ಈಗ ಹೇಳು, ನೀನು ಕಲಿತೆಯೋ ಇಲ್ವೋ?"

ಕಲಿತಿದ್ದಳು. ಅವಳಿಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಇಲ್ಲ ಎನ್ನುವಂತಿಲ್ಲ, ಹೌದು ಎನ್ನಲು ಮನಸ್ಸಿಲ್ಲ.

"ನೀವು ಹತ್ತೊಂಬತ್ತಕ್ಕೆ ಬರೆದದ್ದು ತೋರಿಸಿ ಸಾರ್. ನಿಜವಾದದ್ದು."

ಮೇಷ್ಟ್ರು ಬೀರುವಿನ ಕಡೆ ತಿರುಗಿದರು, ಮತ್ತೆ ಇತ್ತ ತಿರುಗಿದರು. "ಅವೆಲ್ಲ ಎಲ್ಲಿವೆ? ಒಂದನ್ನೂ ಇಟ್ಕೊಂಡಿಲ್ಲ. ಹರಿದುಹಾಕ್ತಿದ್ದೆ."

"ನಾನೂ ಹರಿದುಹಾಕಿದೆ ಸಾರ್, ಎರಡು ವರ್ಷದ್ದು. ಇಲ್ಲದ ಹುಡುಗಿಗೆ ನಾಚಿಕೊಂಡು."

ಅವರು ಕ್ಷಮಿಸು ಎನ್ನಲಿಲ್ಲ. ಚಹಾ ಕುಡಿಯಲು ಇಳಿದು ಹೋದರು. ಗುಬ್ಬಿ ಶುರುಮಾಡಿದ್ದ ಕೈಯ ಚಿತ್ರವನ್ನು ಮುಗಿಸಿ, ಕುಂಚಗಳನ್ನು ತೊಳೆದಿಟ್ಟು, ಆ ವಾರವೇ ಕೆಲಸ ಬಿಟ್ಟಳು. ನಕ್ಷೆಯಕ್ಕ ಬಾಗಿಲವರೆಗೆ ಬಂದಳು. ಗುಬ್ಬಿ ತಿರುಗಿ ನೋಡಲಿಲ್ಲ.

ಎಂಟು ತಿಂಗಳು ಪೆನ್ಸಿಲು ಮುಟ್ಟಲಿಲ್ಲ. ಅಮ್ಮನ ಹೊಲಿಗೆಗೆ ಗುಂಡಿ ಹಾಕುತ್ತಾ ಕೂತಳು. ಬೀದಿಯಲ್ಲಿ ಚೆನ್ನಾಗಿ ಬರೆದ ಬೋರ್ಡು ಕಂಡರೂ ಸಿಡುಕು, ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೂ ಅನುಮಾನ. ಅಮ್ಮ ಬುದ್ಧಿ ಹೇಳಲು ಹೋಗಲಿಲ್ಲ. ಒಮ್ಮೆ ಮಾತ್ರ, ಅವಳು ಹೊಲಿದ ಗುಂಡಿಯನ್ನು ಎಳೆದು ನೋಡುತ್ತಾ, "ಅವರು ಕಿತ್ತುಕೊಂಡಿದ್ದು ನಿನ್ನ ನಂಬಿಕೆ. ಕೈ ಇಲ್ಲೇ ಇದೆಯಲ್ಲ, ಅದಕ್ಯಾಕೆ ಶಿಕ್ಷೆ?" ಎಂದಳು.

ಕೆಲಸ ಸಿಕ್ಕಿದ್ದು ಅಮ್ಮನಲ್ಲಿ ಬಟ್ಟೆ ಹೊಲಿಸುತ್ತಿದ್ದ ಒಬ್ಬ ನರ್ಸಿನ ಮೂಲಕ. ಅಪಘಾತದಲ್ಲೋ ರೋಗದಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿ ಕೂರಿಸುವ ಸಣ್ಣ ಆಸ್ಪತ್ರೆ ಅದು. ಕಣ್ಣಿನ ಬಣ್ಣ, ಗೆರೆ, ಕೆಂಪು ನರ ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಗುಬ್ಬಿಯ ಪಾಲಿಗೆ ಮೊದಲು ಬಂದವನು ಒಬ್ಬ ಲಾರಿ ಡ್ರೈವರ್. ಅವಳು ಬರೆದ ಕಣ್ಣನ್ನು ಹಾಕಿಕೊಂಡು ಕನ್ನಡಿ ನೋಡಿ ಹೊಟ್ಟೆ ಹಿಡಿದು ನಕ್ಕ: "ಅಮ್ಮಾ, ಇದು ನಮ್ಮಣ್ಣನ ಕಣ್ಣು! ಅವನಿಗೆ ವಾಪಸ್ ಕೊಟ್ಟು ನನ್ನದು ಮಾಡ್ಕೊಡಿ." ಕಂದು ತುಸು ಕೆಂಪಾಗಿತ್ತು, ಅಷ್ಟೇ. ಇನ್ನೂ ಮೂರು ಸಲ ಕೆಟ್ಟಿತು. ಐದನೆಯದನ್ನು ಹಾಕಿಕೊಂಡು ಅವನು ಹೆಂಡತಿಯನ್ನು ಒಳಗೆ ಕರೆದು, "ಯಾವುದು ಹೊಸದು ಹೇಳು" ಎಂದ. ಅವಳು ಬಗ್ಗಿ ನೋಡಿ, ನೋಡಿ, ನಿಜವಾದ ಕಣ್ಣಿಗೆ ಬೆರಳು ತೋರಿಸಿದಳು. ಗುಬ್ಬಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು. ಕೆಟ್ಟುಹೋದ ಆ ನಾಲ್ಕು ಕಣ್ಣುಗಳನ್ನು ಅವಳು ಎಸೆಯಲಿಲ್ಲ. ಈಗ ಇಪ್ಪತ್ತು ವರ್ಷವಾಗಿದೆ. ಕಲಿಯಲು ಬಂದವರಿಗೆ ಅವಳು ಮೊದಲು ತೋರಿಸುವುದು ಅವನ್ನೇ, ಯಾವ ತಾರೀಕು, ಎಲ್ಲಿ ತಪ್ಪಿತು ಎಂಬುದನ್ನೂ ಸೇರಿಸಿ.

ಹೋಲಿಸಿಕೊಳ್ಳುವ ಚಟ ಅವಳನ್ನು ಬಿಟ್ಟಿದೆ ಎಂದರೆ ಸುಳ್ಳಾದೀತು. ಇಂದಿಗೂ ಒಳ್ಳೆಯ ಕೆಲಸ ಕಂಡರೆ ಮನಸ್ಸಿನಲ್ಲೇ ತನ್ನದನ್ನು ಅದರ ಪಕ್ಕ ಇಟ್ಟು ನೋಡುತ್ತಾಳೆ. ಆದರೆ ಅವಳು ಸುಮ್ಮನೆ ನೋಡುತ್ತಾ ಕೂರುವುದಿಲ್ಲ. ಬರೆದವರು ಯಾರು, ಎಲ್ಲಿದ್ದಾರೆ ಎಂದು ಹುಡುಕಿ, ಫೋನು ಮಾಡಿಯಾದರೂ ಕೇಳುತ್ತಾಳೆ: ಎಷ್ಟು ವರ್ಷ ಬೇಕಾಯಿತು, ಎಷ್ಟು ಹಾಳಾದವು? ಮೈಯಲ್ಲಿ ರಕ್ತಮಾಂಸ ಇರುವವರು ಉತ್ತರ ಕೊಡುತ್ತಾರೆ. ಹೆಚ್ಚಿನವರು ನಗುತ್ತಾರೆ, ಕೆಲವರು ನಿಟ್ಟುಸಿರು ಬಿಡುತ್ತಾರೆ.

ಹೋದ ವರ್ಷ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ನಿಂತಳು. ಕೂದಲು ಬೆಳ್ಳಗಾಗಿದ್ದರೂ ನಕ್ಷೆಯಕ್ಕನ ಗುರುತು ಹತ್ತಿತು. ಹಕ್ಕಿಗಳ ಪುಸ್ತಕಗಳಿಂದ ಅವಳೀಗ ಹೆಸರುವಾಸಿ.

"ಇನ್ನೂ ಕೋಪ ಇದೆಯಾ ಗುಬ್ಬಿ?"

"ಇದೆ. ಕೂತ್ಕೋ" ಎಂದು ಗುಬ್ಬಿ ಸರಿದು ಜಾಗ ಮಾಡಿದಳು.

ಎರಡು ನಿಲ್ದಾಣ ದಾಟಿದವು. ಆಮೇಲೆ ನಕ್ಷೆಯಕ್ಕ ಹೇಳಿದಳು: "ಹಕ್ಕಿ ಬರೆಯೋದು ನಿನ್ನಿಂದ ಕಲಿತೆ ಅಂತ ನಾನು ಎಲ್ಲೂ ಹೇಳಿಲ್ಲ."

"ಗೊತ್ತು. ಇನ್ನಾದ್ರೂ ಹೇಳು."

"ಹೇಳ್ತೀನಿ. ಮುಂದಿನ ಪುಸ್ತಕದಲ್ಲೇ ಬರೀತೀನಿ" ಎಂದು ನಕ್ಷೆಯಕ್ಕ ಅವಳ ಕೈ ಹಿಡಿದುಕೊಂಡು ಮಾತು ಕೊಟ್ಟಳು.

ಆ ಪುಸ್ತಕ ಬಂತು. ಗುಬ್ಬಿ ಅಂಗಡಿಯಲ್ಲೇ ನಿಂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದಳು. ಕಾಗದ ಕೊಟ್ಟವರಿಗೆ, ಗಂಡನಿಗೆ, ಪಕ್ಕದ ಮನೆಯ ಬೆಕ್ಕಿಗೆ ಸಹ ಕೃತಜ್ಞತೆ ಇತ್ತು. ಗುಬ್ಬಿಯ ಹೆಸರಿರಲಿಲ್ಲ. ಹಕ್ಕಿಗಳು ಚೆನ್ನಾಗಿ ಬಂದಿವೆ ಎಂದು ಗುಬ್ಬಿಯೇ ಒಪ್ಪುತ್ತಾಳೆ. ಗೂಬೆಯ ಉಗುರು ಮಾತ್ರ ತಪ್ಪು ಎನ್ನುತ್ತಾಳೆ, ಮತ್ತು ಅದನ್ನು ತಾನಾಗಿ ಹೇಳಿಕೊಡಲು ಹೋಗುವುದಿಲ್ಲ.