ಪಾಸಿರ್ ರಿಸ್‌ನಲ್ಲಿ ಟ್ರಿನಿಡಾಡ್ ಕ್ರಿಸ್‌ಮಸ್

ಪಾಸಿರ್ ರಿಸ್‌ನ ನಮ್ಮ ಬಹುಮಹಡಿ ಬ್ಲಾಕಿನ ಧರ್ಮಪಾಲ ನಮ್ಮಂತೆ ಈ ಪರದೇಶಕ್ಕೆ ಬಂದ ಕಾಪು ಕಡೆಯವನು, ಹಡಗಿನಲ್ಲಿ ಫಿಟ್ಟರ್ ಆಗಿದ್ದವನು. ಮದುವೆಗೆ ಮುಂಚೆ ಹಡಗಿನ ಇಂಜಿನ್ ಕೆಟ್ಟು, ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಒಂದು ಕ್ರಿಸ್‌ಮಸ್ ಕಳೆದಿದ್ದ. ಇದ್ದದ್ದು ಒಂದೇ ವಾರ. ಹೇಳುತ್ತಾ ಹೇಳುತ್ತಾ ಆ ವಾರ ಬೆಳೆದು, ತೊಂಬತ್ತೇಳನೇ ಇಸವಿಯ ಹೊತ್ತಿಗೆ ಅಲೆಕ್ಸಾಂಡರನ ದಂಡಯಾತ್ರೆಗಿಂತ ಉದ್ದವಾಗಿತ್ತು. ಅಲ್ಲಿ ಹಬ್ಬಕ್ಕೆ ಮನೆಮನೆಯಲ್ಲೂ ಹೊಸ ಪರದೆ ಕಟ್ಟುತ್ತಾರಂತೆ; ಗಿಟಾರ್ ಹಿಡಿದು ಬಾಗಿಲಿಗೆ ಬಂದು ಹಾಡುವವರನ್ನು ಉಣ್ಣಿಸದೆ ಕಳಿಸುವಂತಿಲ್ಲವಂತೆ; ಪುಂಡಿ ಹೂವಿನ ಕೆಂಪು ಶರಬತ್ತು ಕುಡಿದರೆ ನಾಲಗೆ ಯುಗಾದಿಯವರೆಗೂ ಕೆಂಪಗೇ ಇರುತ್ತದಂತೆ. ಎಲ್ಲಕ್ಕಿಂತ ಮೇಲೆ, ಒಣಹಣ್ಣನ್ನು ವರ್ಷವಿಡೀ ರಮ್ಮಿನಲ್ಲಿ ನೆನೆಸಿ ಮಾಡುವ ಕರಿ ಕೇಕ್.

ಅಲ್ಲಿನ ಅಜ್ಜಿಯೊಬ್ಬಳಿಂದ ಅವನು ಕಲಿತು ಬಂದ ಆ ಕೇಕನ್ನು ಹೆಂಡತಿ ಉಮಾವತಿ ಅವನಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಜನವರಿ ಬಂತೆಂದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಣ್ಣು ಹೆಚ್ಚಿ ಗಾಜಿನ ಭರಣಿಗೆ ಹಾಕಿ, ರಮ್ ಸುರಿದು ಸಿಂಕಿನ ಕೆಳಗೆ ಇಡುವಳು. ಕ್ರಿಸ್‌ಮಸ್ ದಿನ ಆ ಪರಿಮಳಕ್ಕೆ ಲಿಫ್ಟ್ ತಾನಾಗಿ ಅವರ ಮಹಡಿಯಲ್ಲೇ ನಿಲ್ಲುತ್ತಿತ್ತು.

"ಇದ್ರಲ್ಲಿ ರಮ್ ಇಲ್ಲ ತಾನೆ ಧರ್ಮಪಾಲ್?" ಎನ್ನುತ್ತಲೇ ಮೂರನೇ ತುಂಡಿಗೆ ಕೈಹಾಕುವರು ಎದುರು ಮನೆಯ ಹಯಗ್ರೀವ; ಮೈಸೂರಿನ ಮಡಿವಂತರು.

"ಚೂರೂ ಇಲ್ಲ ಸಾರ್. ಇಡೀ ಬಾಟ್ಲಿ ಉಂಟು."

"ಹಾಗಾದ್ರೆ ನಮ್ಮ ಮನೆಯವಳು ವತ್ಸಲಾಗೂ ಒಂದು ಪೀಸ್ ಪ್ಯಾಕ್ ಮಾಡಿ. ಹೇಳ್ಬೇಡಿ, ಅಷ್ಟೆ."

ಆ ವರ್ಷ ನವೆಂಬರ್ ಕೊನೆಗೆ, ಬೆಳಿಗ್ಗೆ ಕಾಫಿ ಮಾಡಿಕೊಟ್ಟ ಉಮಾವತಿ ಮಧ್ಯಾಹ್ನಕ್ಕೆ ಇರಲಿಲ್ಲ.

ಊರಿನಿಂದ ಅವಳ ತಂಗಿ ಕಾಮಾಕ್ಷಿ ಓಡಿಬಂದಳು. ಉತ್ತರಕ್ರಿಯೆಯ ಹಿಂದಿನ ದಿನ ಮನೆ ಶುದ್ಧ ಮಾಡುವಾಗ ಭರಣಿ ಅವಳ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಗಪ್ಪೆಂದು ಹೆಂಡದ ವಾಸನೆ. ಒಳಗೆ ಕಪ್ಪಗೆ ಕೊಳೆತಂಥ ಏನೋ. ಭಾವ ದುಃಖದಲ್ಲಿ ಕದ್ದು ಕುಡಿಯುತ್ತಿದ್ದಾರೆ, ಬಂದವರು ಕಂಡರೆ ಮರ್ಯಾದೆ ಹೋಯಿತು ಎಂದುಕೊಂಡಳು. ಅಳುತ್ತಲೇ ರಮ್ಮನ್ನು ಸಿಂಕಿಗೆ ಸುರಿದು, ಹಣ್ಣನ್ನು ಮಹಡಿಗಳ ಕಸ ಕೆಳಗೆ ಜಾರಿಬೀಳುವ ಚೂಟಿಗೆ ಹಾಕಿದಳು. ಯಾರಿಗೂ ಹೇಳಲಿಲ್ಲ.

ತೊಳೆದು ಬೋರಲು ಹಾಕಿದ ಭರಣಿ ನೋಡಿ ಧರ್ಮಪಾಲನಿಗೆ ಎಲ್ಲ ಅರ್ಥವಾಯಿತು. ಅವನೂ ಹೇಳಲಿಲ್ಲ. ಚೂಟಿನ ಬಾಗಿಲು ತೆರೆದು, ಆ ಕಸದ ನಾತಕ್ಕೆ ಮೂಗೊಡ್ಡಿ ತುಂಬ ಹೊತ್ತು ನಿಂತಿದ್ದ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಕಾಮಾಕ್ಷಿ ಕೇಳಿದಳು: "ಭಾವಾ, ಅಕ್ಕ ವರ್ಷ ವರ್ಷ ಊರಿಗೆ ಕಳಿಸ್ತಿದ್ದ ಕೇಕ್ ಉಂಟಲ್ಲ, ಅದು ಮಾಡ್ಲಿಕ್ಕೆ ನಿಮಗೆ ಬರ್ತದಾ? ಅವಳ ನೆನಪಿಗೆ ಅಂತ ಒಂದು ಚೂರು ತಿನ್ಬೇಕಿತ್ತು."

"ಬರ್ತದೆ. ಆದ್ರೆ ಅದಕ್ಕೆ ಜನವರಿಯಲ್ಲೇ ಹಣ್ಣನ್ನು ಸಕ್ಕರೆ ಪಾಕದಲ್ಲಿ ಹಾಕಿಡ್ಬೇಕು. ಈ ವರ್ಷ ಅವಳು ಹಾಕ್ಲಿಲ್ಲ ಮಾರಾಯ್ತಿ."

ಜೀವಮಾನವಿಡೀ ಸುಳ್ಳಿನ ಗೋಪುರ ಕಟ್ಟಿದವನಿಗೆ ಇಷ್ಟು ಚಿಕ್ಕ ಸುಳ್ಳನ್ನು ಅತ್ತ ತಿರುಗಿಕೊಂಡು ಹೇಳಬೇಕಾಯಿತು.

"ಅಕ್ಕ ಮರೆಯುವವಳಲ್ಲ," ಎಂದಳು ಕಾಮಾಕ್ಷಿ. ಆಮೇಲೆ ಮೆಲ್ಲಗೆ, "ಡಿಸೆಂಬರಿಗೆ ತಾನು ಇರೋದಿಲ್ಲ ಅಂತ ಅವಳಿಗೆ ಗೊತ್ತಿತ್ತಾ ಭಾವಾ?"

"ಗೊತ್ತಿತ್ತೋ ಏನೋ," ಎಂದ ಧರ್ಮಪಾಲ.

ಮರುದಿನ ಹಯಗ್ರೀವರು ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದರು. ಬಾಗಿಲಲ್ಲೇ ಕಾಮಾಕ್ಷಿ ಕಣ್ಣೊರೆಸಿಕೊಂಡು ಹೇಳಿದಳು: "ಈ ಸಲ ಕೇಕ್ ಇಲ್ಲ ಸಾರ್. ಅಕ್ಕ ಹಣ್ಣೇ ಹಾಕಿರ್ಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು."

ಜನವರಿಯಲ್ಲಿ ಆ ಭರಣಿಯನ್ನು ಕಣ್ಣಾರೆ ಕಂಡಿದ್ದ ಹಯಗ್ರೀವರು ಏನೋ ಹೇಳಲು ಬಾಯಿ ತೆರೆದರು. ಕಾಮಾಕ್ಷಿಯ ಬೆನ್ನ ಹಿಂದೆ ಧರ್ಮಪಾಲ ಅವರಿಗೆ ಕೈಮುಗಿದುಕೊಂಡು ನಿಂತಿದ್ದ.