ನಮ್ಮಿಬ್ಬರ ತಟ್ಟೆಯಲ್ಲಿ ಅನ್ನ ಕಡಿಮೆಯಾದದ್ದು

ಎಂಬತ್ತರ ದಶಕದ ನಡುವಿನಲ್ಲಿ ನಾವು ಮುಂಬಯಿಯ ಮುಲುಂಡ್‌ನಲ್ಲಿದ್ದೆವು. ನಾನು ದಾದರ್‌ನ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನ ಹೆಂಡತಿ ಮನೆಯಲ್ಲೇ ಬಿಲ್ಡಿಂಗ್‌ನ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಇಬ್ಬರೂ ಮೈಸೂರಿನವರು, ಇಬ್ಬರೂ ದಪ್ಪ. ಲೋಕಲ್ ರೈಲಿನಲ್ಲಿ ಮೂವರ ಸೀಟಿನ ಅಂಚಿಗೆ ನಾಲ್ಕನೆಯವನು ಬಂದು ಒತ್ತಿಕೊಳ್ಳುವುದು ವಾಡಿಕೆ. ನಾನು ಕೂತ ಸೀಟಿನ ಹತ್ತಿರ ಮಾತ್ರ ಯಾರೂ ಸುಳಿಯುತ್ತಿರಲಿಲ್ಲ.

ಒಮ್ಮೆ ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ನನ್ನ ರಕ್ತದ ಸಕ್ಕರೆ ಹೆಚ್ಚು ಬಂತು. ನಮ್ಮ ಬೀದಿಯಲ್ಲೇ ದವಾಖಾನೆ ಇಟ್ಟಿದ್ದ ಧಾರವಾಡದ ಡಾಕ್ಟರು ವರದಿ ನೋಡಿ, "ಸಕ್ಕರೀ ಬ್ಯಾನಿ ಇನ್ನೂ ಬಂದಿಲ್ರೀ. ಬಾಗಲದಾಗ ಬಂದು ನಿಂತದ. ತೂಕಾ ಇಳಸ್ರಿ" ಎಂದರು.

ನಾನು ಚಹಾಕ್ಕೆ ಸಕ್ಕರೆ ಬಿಟ್ಟೆ. ಕಚೇರಿಯ ಮರಾಠಿ ಗೆಳೆಯರ ಜೊತೆ ಗುರುವಾರದ ಉಪವಾಸವನ್ನೂ ಹಿಡಿದೆ. ಉಪವಾಸವೆಂದರೆ ತುಪ್ಪದಲ್ಲಿ ಹೊರಳಿದ ಸಬ್ಬಕ್ಕಿಯ ಸಾಬೂದಾನಾ ಖಿಚಡಿ, ಜೊತೆಗೆ ಆಲೂಗಡ್ಡೆ. ಅಷ್ಟು ರುಚಿಯಾದ ಉಪವಾಸವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಕೆಲವು ತಿಂಗಳ ಬಳಿಕ ನೋಡಿದರೆ ಸಕ್ಕರೆ ಇನ್ನಷ್ಟು ಏರಿತ್ತು.

ಡಾಕ್ಟರು ಹೆಂಡತಿಯನ್ನೂ ಕರೆಸಿದರು. "ಇವ್ರು ಏನ್ ಊಟಾ ಮಾಡ್ತಾರ್ರೀ?"

"ಮನೆ ಊಟಾನೇ ಡಾಕ್ಟ್ರೇ. ಮೊದ್ಲು ಹುಳಿ ಅನ್ನ, ಆಮೇಲೆ ಸಾರನ್ನ, ಕೊನೇಲಿ ಮೊಸರನ್ನ."

"ಪಲ್ಯಾ?"

"ನಂಚಿಕೊಳ್ಳೋಕೆ ಸ್ವಲ್ಪ ಇರತ್ತೆ."

ಅವರು ನಕ್ಕುಬಿಟ್ಟರು. "ಹೊಟ್ಟಿಗೆ ಹೋದಮ್ಯಾಲ ಅನ್ನಾನೂ ಸಕ್ಕರೀನ ಆಗ್ತದ, ಸಾಬೂದಾನೀನೂ ಸಕ್ಕರೀನ ಆಗ್ತದ. ಅರ್ಧಾ ತಾಟು ಪಲ್ಯಾ ಹಾಕ್ರಿ, ಕಾಳು ಹಾಕ್ರಿ. ಉಳಿದ ಜಾಗಾದಾಗ ಅನ್ನ." ಆಮೇಲೆ ಅವಳನ್ನೇ ನೋಡುತ್ತ, "ನಿಮ್ಮ ರಕ್ತಾನೂ ಒಮ್ಮೆ ನೋಡೂಣಲ್ರೀ" ಎಂದರು.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಅದಕ್ಕ ಹೇಳಿದೆ."

ಅವಳ ಸಕ್ಕರೆ ನನ್ನದಕ್ಕಿಂತ ಹೆಚ್ಚಿತ್ತು. ಸಂಜೆ ಸಂಗೀತದ ಮಕ್ಕಳನ್ನು ವಾಪಸು ಕಳಿಸಿ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು.

"ಅಮ್ಮಂಗೂ ಇದೇ ಇತ್ತಲ್ಲ," ಎಂದಳು. "ಕೊನೇಲಿ ಕಣ್ಣೇ ಕಾಣ್ತಿರ್ಲಿಲ್ಲ ಕಣ್ರೀ. ನಾನು ಮಾತಾಡಿದ್ಮೇಲೇ ನಾನು ಅಂತ ಗೊತ್ತಾಗೋದು ಅವ್ರಿಗೆ."

ಮಾರನೆಯ ದಿನ ಕಚೇರಿ ಮುಗಿಸಿ ದಾದರ್ ಮಾರ್ಕೆಟ್‌ಗೆ ಹೋಗಿ, ಮೆಂತ್ಯ, ಹೀರೆಕಾಯಿ, ಗೋರಿಕಾಯಿ ಎಂದು ಎರಡು ಚೀಲ ತುಂಬಿಸಿಕೊಂಡು ಲೋಕಲ್ ಹತ್ತಿದೆ. ಚೀಲ ನೋಡಿ ಅವಳು, "ಮದುವೆ ಮನೇನಾ ಇದು?" ಎಂದು ಬೈದಳು. ಬೈಗುಳ ಕೇಳಿ ನನಗೆ ಜೀವ ಬಂದಂತಾಯಿತು.

ಪಕ್ಕದ ಮನೆಯ ಮರಾಠಿ ಅಜ್ಜಿಯಿಂದ ಅವಳು ಮಡಕೆಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಉಸಳ್ ಎಂಬ ಪಲ್ಯ ಮಾಡುವುದನ್ನು ಕಲಿತಳು. ರಾತ್ರಿಯ ಅನ್ನದ ಬದಲು ಜೋಳದ ರೊಟ್ಟಿ ತಟ್ಟಲು ಹೋದಳು; ಮೊದಲನೆಯದು ತವದ ಮೇಲೇ ಚೂರುಚೂರಾಯಿತು. "ಉಪ್ಪಿಟ್ಟು ಅಂದ್ಕೊಂಡು ತಿನ್ನಿ," ಎಂದಳು. ತಿಂದೆ. ಮೊದಮೊದಲು ಇಬ್ಬರಿಗೂ ಊಟವಾದರೂ ಊಟವಾದಂತೆ ಅನಿಸುತ್ತಿರಲಿಲ್ಲ. ಮೊಸರನ್ನ ನೆನೆದು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಕ್ರಮೇಣ ಕಾಳು, ಪಲ್ಯದಲ್ಲೇ ಹೊಟ್ಟೆ ತುಂಬತೊಡಗಿತು.

ಮರುವರ್ಷದ ಹೊತ್ತಿಗೆ ಇಬ್ಬರ ಸಕ್ಕರೆಯೂ ಇಳಿದಿತ್ತು, ಅವಳದು ನನ್ನದಕ್ಕಿಂತ ಚೆನ್ನಾಗಿ. ತೂಕ ಸ್ವಲ್ಪವೇ ಕಡಿಮೆಯಾಗಿತ್ತು. "ಇರಲಿ, ಹಿಂಗ ನಡಸ್ಕೊಂಡು ಹೋಗ್ರಿ. ಬಿಡಬ್ಯಾಡ್ರಿ ಮತ್ತ," ಎಂದರು ಡಾಕ್ಟರು.

ಆ ಬೇಸಿಗೆಯಲ್ಲಿ ಮಾಟುಂಗಾದಲ್ಲಿ ನೆಂಟರ ಮನೆಯ ಉಪನಯನ. ಅನ್ನ ಬಡಿಸುವವರು ಎರಡನೆಯ ಸಲ ಬಂದಾಗ ಅವಳು ಎಲೆಗೆ ಕೈ ಅಡ್ಡ ಹಿಡಿದಳು. "ಯಾಕಮ್ಮಾ, ಅಡುಗೆ ಸೇರಲಿಲ್ವಾ?" ಎಂದು ಅವರು ಮುಖ ಸಣ್ಣದು ಮಾಡಿದರು.

"ಸೇರದೆ ಏನು! ಆ ಕೋಸಂಬರಿ ಇದೆಯಲ್ಲ, ಅದನ್ನ ತನ್ನಿ," ಎಂದಳು.

ಅವರು ಒಳಗೆ ಹೋಗಿ ಕೋಸಂಬರಿಯ ಬೋಗುಣಿಯನ್ನೇ ತಂದು ಅವಳ ಎಲೆಯ ಪಕ್ಕದಲ್ಲಿಟ್ಟರು.